ಸಾವಿನ ಮಾತಾಡಿದ ಕೆಂಪಾಜಿ

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಕೇಳಬೇಡಿ, ಹಿಪ್ಪುನೇರಳೆ ತೋಟಗಳ ನಡುವೆ ಒಂದು ಊರಿತ್ತು. ಮನೆಮನೆಯಲ್ಲೂ ರೇಷ್ಮೆಹುಳು ಸಾಕುತ್ತಿದ್ದರು. ಆ ಊರಿಗೊಂದು ಕಟ್ಟುಪಾಡಿತ್ತು. ಹುಳುಮನೆಯಲ್ಲಿ ಸಾವಿನ ಮಾತು ಆಡಬಾರದು. ಹುಳು ಸತ್ತರೆ ‘ಮಲಗಿತು’ ಎನ್ನಬೇಕು. ಬಾಯಿತಪ್ಪಿ ಇನ್ನೊಂದು ಮಾತು ಬಂದರೆ, ಕೇಳಿಸಿಕೊಂಡ ಹುಳುಗಳೆಲ್ಲ ಸತ್ತದ್ದರ ಹಿಂದೆಯೇ ಹೋಗುತ್ತವಂತೆ.

ಆ ಊರಿನ ಕೆಂಪಾಜಿ ಓದಿದವಳು. ಒಂದು ಪದವಿ ಆಯಿತು, ಸಾಕು ಎಂದರು ಊರವರು. ಅವಳಿಗೆ ಸಾಲಲಿಲ್ಲ. ದೂರದ ವಿಶ್ವವಿದ್ಯಾಲಯಕ್ಕೆ ಹೋಗಿ ಜಪಾನಿನ ಭಾಷೆ, ಅಲ್ಲಿಯ ಸಂಸ್ಕೃತಿ, ಅಲ್ಲಿಯ ಸಮಾಜ ಇವನ್ನೇ ಹಿಡಿದು ಸ್ನಾತಕೋತ್ತರ ಓದಿಗೆ ಕೂತಳು. ಮುದ್ದೆಯ ಜೊತೆ ಅಕ್ಷರ ನುಂಗುತ್ತಿದ್ದಳಂತೆ. ಎಷ್ಟು ನುಂಗಿದರೂ ಆ ದೇಶದ ಅಕ್ಷರ ಮುಗಿಯುವುದಿಲ್ಲವಂತೆ. ರಜೆಗೆ ಬಂದಾಗ ನೆರೆಮನೆಯ ಸಾಕಮ್ಮ ಚುಚ್ಚದೆ ಬಿಡುತ್ತಿರಲಿಲ್ಲ.

“ಯಾಕವ್ವ, ಸೊಪ್ಪು ಹಾಕುವಾಗ ಹುಳನ ಜಪಾನಿ ಮಾತಲ್ಲಿ ಕೂಗ್ತೀಯಾ? ಓಡಿ ಬರ್ತವಾ?”

ಒಂದು ವರ್ಷ ಸುಣ್ಣಕಟ್ಟು ರೋಗ ಬಂತು. ಸಂಜೆ ಸೊಪ್ಪು ತಿಂದ ಹುಳು ಬೆಳಗಾಗುವಾಗ ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಸೆಟೆದಿರುತ್ತಿತ್ತು. ಸರ್ಕಾರದವರು ಜಪಾನಿನಿಂದ ಒಬ್ಬ ಹುಳುಪಂಡಿತನನ್ನು ಕರೆಸಿ ಕಳಿಸಿದರು. ಮೊರಿಶಿಮಾ ಅಂತ ಹೆಸರು, ಊರವರ ಬಾಯಲ್ಲಿ ಮೊರಿಯಪ್ಪ. ಅವನು ಮನೆಮನೆ ತಿರುಗಿ ಸೆಟೆದ ಹುಳುಗಳನ್ನು ಆಯ್ದು ಸುಟ್ಟ. ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಆದರೆ ಒಂದು ಬೆಳಿಗ್ಗೆ ಸಾಕಮ್ಮ ಕಂಡದ್ದು ಬೇರೆ. ಹೊಂಗೆಮರದ ಬುಡದಲ್ಲಿ ಆ ಬೂದಿಯನ್ನು ಹೂತು, ಮೇಲೊಂದು ಕಲ್ಲು ನಿಲ್ಲಿಸಿ, ಊದುಬತ್ತಿ ಹಚ್ಚಿ, ಸೊಂಟದಿಂದ ಬಾಗಿ, ಏನೋ ಪಿಸುಗುಟ್ಟುತ್ತ ನಿಂತಿದ್ದನಂತೆ. ಸಾಕಮ್ಮ ಮನೆಗೆ ಓಡಿಬಂದು ನೋಡಿದರೆ ಅವಳ ತಟ್ಟೆಗಳ ಹುಳುಗಳೂ ಬೆಳ್ಳಗೆ ಸೆಟೆದಿದ್ದವು.

ಮಾಟ ಎಂಬ ಮಾತು ಹುಟ್ಟಿದ್ದು ಹಾಗೆ. ಸತ್ತವನ್ನು ಪೂಜಿಸುವವನು ಸಾವನ್ನೇ ಕರೆಯುತ್ತಾನೆ ಎಂದರು. ಮಧ್ಯಾಹ್ನದೊಳಗೆ ಅವನನ್ನು ಯಜಮಾನ ದೊಡ್ಡೀರೇಗೌಡನ ಖಾಲಿ ಹುಳುಮನೆಗೆ ನೂಕಿ, ಚಿಲಕ ಹಾಕಿ, ಸುತ್ತ ಒಣಗಿದ ಕಡ್ಡಿ ಒಟ್ಟಿದರಂತೆ.

ರಜೆಗೆ ಬಂದಿದ್ದ ಕೆಂಪಾಜಿ ಓಡಿಬಂದು ಕಿಂಡಿಗೆ ಬಾಯಿಟ್ಟು, ಯಾಕೆ ಹಾಗೆ ಮಾಡಿದೆ ಎಂದು ಅವನ ಭಾಷೆಯಲ್ಲಿ ಕೇಳಿದಳು. ಕಲಿತದ್ದರಲ್ಲಿ ಅರ್ಧ ಹಾರಿಹೋಗಿತ್ತು. ಒಳಗಿದ್ದವನು ನನ್ನನ್ನು ಬಿಡಿಸು ಎನ್ನಲಿಲ್ಲ. ಉಳಿಸಲು ಬಂದೆ, ಆಗಲಿಲ್ಲ, ಅದಕ್ಕೇ ಅವುಗಳ ಕ್ಷಮೆ ಕೇಳಿದೆ ಎಂದನಂತೆ. ರೇಷ್ಮೆಗಾಗಿ ಜೀವ ತೆತ್ತ ಹುಳುಗಳಿಗೆ ಆ ದೇಶದವರು ಕಲ್ಲು ನಿಲ್ಲಿಸುತ್ತಾರೆಂದು ಅವಳು ಓದಿದ್ದಳು. ಕಣ್ಣಾರೆ ಕಂಡಿರಲಿಲ್ಲ.

ಅವಳು ಹೇಳಿದ್ದನ್ನು ಯಜಮಾನ ಕೇಳಿಸಿಕೊಂಡ.

“ಮಾಟ ಅಲ್ಲವಾ? ಸರಿ. ಊರಲ್ಲಿ ಉಳಿದಿರೋದು ನಿಮ್ಮವ್ವನ ತಟ್ಟೆ ಮಾತ್ರ, ಜ್ವರದಲ್ಲಿದೆ. ಅದರ ಮುಂದೆ ನಿಂತು ಅವನು ಮಾಡಿದ್ದನ್ನೇ ಮಾಡು. ಆಡಬಾರದ ಆ ಮಾತನ್ನೂ ಆಡು. ಹೊತ್ತು ಮುಳುಗೋದರೊಳಗೆ ಹುಳ ಎದ್ದರೆ ಅವನನ್ನ ಬಿಡ್ತೀವಿ. ಏಳದಿದ್ರೆ ಬೆಂಕಿ.”

ಪೊರೆ ಬಿಡುವ ಮುನ್ನ ಹುಳು ತಿನ್ನದೆ, ಅಲುಗದೆ, ತಲೆಯೆತ್ತಿ ನಿಲ್ಲುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆ ಹೊತ್ತಿನಲ್ಲಿ ಯಾವುದಕ್ಕೆ ಜೀವವಿದೆ, ಯಾವುದಕ್ಕಿಲ್ಲ ಎಂದು ದೇವರೇ ಹೇಳಬೇಕು.

ತಾಯಿ ಬಾಗಿಲಿಗೆ ಅಡ್ಡ ನಿಂತಳು. “ನಿನ್ನ ಓದಿಗೆ ನನ್ನ ತಟ್ಟೆನೇ ಬೇಕಾಯ್ತೇನೇ?”

“ಅವನು ಬೆಂದ್ಹೋಗ್ತಾನೆ ಕಣವ್ವ.”

ತಾಯಿ ಪಕ್ಕಕ್ಕೆ ಸರಿದು, “ಮೆಲ್ಲಗೆ ಹೇಳು. ಎಲ್ಲಕ್ಕೂ ಕೇಳಿಸ್ದಿರ್ಲಿ” ಎಂದಳು.

ಕೆಂಪಾಜಿ ಊದುಬತ್ತಿ ಹಚ್ಚಿದಳು. ಸೊಂಟದಿಂದ ಬಾಗಿದಳು. “ಸತ್ತವು. ರೋಗದಲ್ಲಿ ಸತ್ತವು. ನಾವು ಬೇಯಿಸಿದವೂ ಸತ್ತವು. ತಪ್ಪಾಯ್ತು” ಎಂದಳು. ಹೊರಗೆ ಹೆಂಗಸರು ಕಿವಿ ಮುಚ್ಚಿಕೊಂಡರಂತೆ. ಅವಳು ತಲೆ ಎತ್ತಲಿಲ್ಲ. ಎತ್ತಲು ಹೆದರಿಕೆ. ಬಾಗಿದರೆ ರೋಗ ವಾಸಿಯಾಗುತ್ತದೆ ಎಂದು ಅವಳ ಯಾವ ಪುಸ್ತಕದಲ್ಲೂ ಇರಲಿಲ್ಲ. ಹುಳುಗಳಿಗೆ ಆಗಲೇ ರೋಗ ತಗುಲಿದ್ದರೆ ಅವಳ ಮಾತಿನಿಂದಲೇ ಸತ್ತವು ಎನ್ನುತ್ತಾರೆ, ಆಮೇಲೆ ಅವನನ್ನು ಸುಡುತ್ತಾರೆ. ಬಿಸಿಲು ಗೋಡೆಯ ಮೇಲೆ ಏರುತ್ತ ಏರುತ್ತ ಕೆಂಪಾಯಿತು. ಹೊರಗೆ ಯಾರೋ ಪಂಜಿಗೆ ಎಣ್ಣೆ ಸುರಿಯುವುದು ಕೇಳಿಸಿತು.

ಆಗ ಒಂದು ಹುಳು ಪೊರೆಯಿಂದ ಹೊರಬಂತಂತೆ. ಆಮೇಲೆ ಇನ್ನೊಂದು. ಕೊನೆಗೆ ಅರ್ಧ ತಟ್ಟೆ ಅಲುಗಿತು. ಇನ್ನರ್ಧ ಅಲುಗಲೇ ಇಲ್ಲ.

“ಅರ್ಧ ಎದ್ದರೆ ಏನಂತ ತೀರ್ಮಾನ ಮಾಡೋದು?” ಎಂದ ಯಜಮಾನ. ಪಂಜು ಹಿಡಿದವನು ಕಡ್ಡಿಯ ಕಡೆಗೆ ನಡೆದೇಬಿಟ್ಟ.

ಕೂಗಿದವಳು ಸಾಕಮ್ಮ. ತಟ್ಟೆಯೊಳಗೆ ಇಣುಕಿದ್ದಳಂತೆ. “ಎದ್ದವು ಹಸಿದು ಅಲೀತಾವೆ ಕಣ್ರೋ! ನಿಂತು ನೋಡ್ತೀರಲ್ಲ, ಸೊಪ್ಪು ತನ್ನಿ!”

ಅಷ್ಟೇ. ಹುಳು ಹಸಿದಿದೆ ಎಂದರೆ ಆ ಊರಿನ ಕಾಲು ನಿಲ್ಲುವುದಿಲ್ಲ. ಪಂಜು ಚರಂಡಿಗೆ ಬಿತ್ತು, ದೊಣ್ಣೆಗಳು ಬೀದಿಯಲ್ಲೇ ಉಳಿದವು, ಊರಿಗೆ ಊರೇ ತೋಟಕ್ಕೆ ಓಡಿತಂತೆ. ಕೆಂಪಾಜಿ ಹೋಗಿ ಚಿಲಕ ತೆಗೆದಳು.

ಮೊರಿಯಪ್ಪ ತನ್ನ ದೇಶಕ್ಕೆ ಹೋದ. ಕೆಂಪಾಜಿ ಓದು ಮುಗಿಸಲು ಹೋದಳು. ಕಡಲು ದಾಟಿ ಅಲ್ಲೇ ನೆಲೆಸಿದಳು ಎನ್ನುವವರಿದ್ದಾರೆ, ತಾಯಿ ಸತ್ತಾಗ ಮಣ್ಣು ಮಾಡಲು ಬಂದವಳು ಮತ್ತೆ ಹೋಗಲಿಲ್ಲ ಎನ್ನುವವರೂ ಇದ್ದಾರೆ. ನಾನಾಗಲಿ, ನನಗೆ ಹೇಳಿದವರಾಗಲಿ ಕಂಡವರಲ್ಲ.

ಇಂದಿಗೂ ಆ ಊರಿನಲ್ಲಿ ಗೂಡು ಬೇಯಿಸುವ ಮುಂಚೆ ಒಂದು ಗೂಡನ್ನು ಹೊಂಗೆಮರದ ಬುಡದ ಕಲ್ಲಿನ ಮೇಲೆ ಇಡುತ್ತಾರೆ. ಅದನ್ನು ಬೇಯಿಸುವುದಿಲ್ಲ, ಚಿಟ್ಟೆ ಹಾರಿಹೋಗಲು ಬಿಡುತ್ತಾರೆ. ಹೆಂಗಸರು ಸಾಲಾಗಿ ನಿಂತು ‘ಸತ್ತವು’ ಎಂದು ಮೆಲ್ಲಗೆ ಹೇಳಿ ಸೊಂಟದಿಂದ ಬಾಗುತ್ತಾರೆ. ಬಾಗಿದ ಮೇಲೆ ಮೊದಲು ತಲೆ ಎತ್ತಲು ಯಾರಿಗೂ ಧೈರ್ಯ ಬರುವುದಿಲ್ಲ.