ಮಂತ್ರಿಗಳ ಊರಿನ ಸೇತುವೆ

ಮಂತ್ರಿಗಳು ಮೇಜು ಗುದ್ದಿದರು. "ನಮ್ಮ ಜಿಲ್ಲೆ ತೆರಿಗೆ ನಮ್ಮ ಜಿಲ್ಲೆಗೇ! ಬಡ ಜಿಲ್ಲೆಗಳಿಗೆ ಬಿಡಿಗಾಸೂ ಹೋಗಬಾರದು. ಸಂಜೆಯೊಳಗೆ ಆದೇಶ ಬರೆದು ತಾ. ಇಲ್ಲಾಂದ್ರೆ ನೀನು ಮನೆಗೆ!"

ಗುಮಾಸ್ತ ಸೂಗಪ್ಪ ತಲೆಯಾಡಿಸಿ ಹೊರಬಂದ. ಬಡ ಜಿಲ್ಲೆಯಲ್ಲಿದ್ದ ಅವನ ಊರಿನ ಆಸ್ಪತ್ರೆ ನಡೆಯುತ್ತಿದ್ದದ್ದೇ ಆ ಹಣದಿಂದ.

ಸಂಜೆ ಎರಡು ಹಾಳೆ ಮುಂದಿಟ್ಟ. "ಒಂದು ಜಿಲ್ಲೆಗಳಿಗೆ ಸ್ವಾಮಿ. ಇನ್ನೊಂದು, ಅದೇ ನಿಯಮ ಹಳ್ಳಿಗಳಿಗೆ."

ಎರಡನೆಯದರಲ್ಲಿ ಮೊದಲ ಹೆಸರೇ ಮಂತ್ರಿಗಳ ಹುಟ್ಟೂರು: ಬೇರೆ ಊರುಗಳ ತೆರಿಗೆಯಲ್ಲಿ ಕಟ್ಟಿದ ಹೊಳೆಯ ಸೇತುವೆಯನ್ನು ನಾಳೆಯೇ ಕಳಚತಕ್ಕದ್ದು.

ಮಂತ್ರಿಗಳ ಮುಖ ಬಿಳಿಚಿಕೊಂಡಿತು. "ಮತ್ತೆ ನಾನು ಊರಿಗೆ ಹೋಗೋದು ಹೇಗಯ್ಯಾ? ದೋಣಿಯಲ್ಲಾ?"

"ದೋಣಿಯೂ ಬೇರೆ ಊರವರ ದುಡ್ಡಿನದೇ ಸ್ವಾಮಿ." ಸೂಗಪ್ಪ ಹಾಳೆಯನ್ನು ಇನ್ನಷ್ಟು ಹತ್ತಿರ ಸರಿಸಿದ. "ತಮಗೆ ಈಜು ಬರುತ್ತಾ?"

ಮಂತ್ರಿಗಳೇ ಎರಡೂ ಹಾಳೆಗಳನ್ನು ಹರಿದುಹಾಕಿದರು.