ಬಿಸಿಲು ನುಂಗುವ ಕಾವಲುಗಾರ

‘ಅಳಿವೆಕೋಟೆಯ ಪ್ರಜೆಗಳೆಲ್ಲ ಕೇಳಿ. ರಾಜಕುಮಾರಿ ಚಂಪಕಾದೇವಿ ಬಿಸಿಲಿನಲ್ಲಿ ನಡೆಯುವಂತೆ ಮಾಡುವ ಲೇಪ ಯಾರ ಬಳಿ ಇದೆಯೋ ಅವರು ಅರಮನೆಗೆ ಬನ್ನಿ. ಲೇಪ ಹಚ್ಚುವ ಮುನ್ನ ಮೂರು ಒಗಟು ಬಿಡಿಸಬೇಕು. ಬಿಡಿಸಿದವರು ಕೇಳಿದ್ದನ್ನು ಕಾಮರಸ ಮಹಾರಾಜರು ಕೊಡುತ್ತಾರೆ. ಸೋತವರ ತಲೆ ಹುಣ್ಣಿಮೆಯ ದಿನ ಹಾರುತ್ತದೆ.’

ಡಂಗುರದವನು ಹೀಗೆ ಸಾರುತ್ತ ಉಪ್ಪಿನ ಗದ್ದೆಯ ಬದುವಿಗೆ ಬಂದಾಗ ಬೊಮ್ಮು ಹಲಗೆಯಿಂದ ಉಪ್ಪು ಎಳೆಯುತ್ತಿದ್ದ. ಅವನಿಗೆ ಹುಟ್ಟಿನಿಂದಲೇ ಮೈಯೆಲ್ಲ ಬಿಳಿ, ಕೂದಲೂ ಬಿಳಿ. ಅಂಥವನು ನೆರಳೇ ಇಲ್ಲದ ಆ ಬಯಲಿನಲ್ಲಿ ಇಪ್ಪತ್ತೆರಡು ವರ್ಷ ಬಾಳಿದ್ದು ತಾಯಿ ಹೊನ್ನಿಯ ದೆಸೆಯಿಂದ. ಹಿನ್ನೀರಿನ ಆಚೆ ಬೆಳೆಯುವ ಒಂದು ಬಳ್ಳಿಯ ಕಾಯಿ ಜಜ್ಜಿ, ಎಣ್ಣೆಯಲ್ಲಿ ಕಾಯಿಸಿ, ಅವಳು ದಿನವೂ ಮಗನ ಮೈಗೆ ಹಚ್ಚುತ್ತಿದ್ದಳು.

ರಾಜಕುಮಾರಿಯ ಸಂಗತಿ ಊರಿಗೆಲ್ಲ ಗೊತ್ತಿತ್ತು. ಬಿಸಿಲು ತಾಕಿದರೆ ಅವಳ ಚರ್ಮದಲ್ಲಿ ಬೊಬ್ಬೆ ಏಳುತ್ತಿತ್ತು. ಅವಳಿಗೆ ಎಂಟು ವರ್ಷವಾಗುವವರೆಗೆ ಮುದಿ ದಾದಿಯೊಬ್ಬಳು ಅದೇನೋ ತೈಲ ಹಚ್ಚಿ, ಹಚ್ಚುವಾಗ ಒಗಟು ಹೇಳಿ, ಮಗುವನ್ನು ಅಂಗಳದಲ್ಲಿ ಆಡಿಸಿದ್ದಳು. ದಾದಿ ತೈಲದ ಗುಟ್ಟು ಹೇಳದೆ ಒಮ್ಮೆಲೇ ತೀರಿಹೋದಳು. ಆಮೇಲೆ ಬಂದ ವೈದ್ಯರ ಲೇಪ ನಂಬಿ ಹೊರಗೆ ಕಾಲಿಟ್ಟು ಹುಡುಗಿ ಎರಡು ಸಲ ಸಾಯುವಂತಾಗಿದ್ದಳು. ಅದಕ್ಕೇ ಅರಸ ತಲೆಯ ಪಣ ಇಟ್ಟಿದ್ದ.

‘ಹೋಗ್ಬೇಡ ಮಗಾ’ ಎಂದಳು ಹೊನ್ನಿ. ‘ನಮಗೆ ಕಾಯಿ ಜಜ್ಜೋದು ಗೊತ್ತು, ಒಗಟು ಗೊತ್ತಿಲ್ಲ.’

‘ಹತ್ತು ವರ್ಷದಿಂದ ಕತ್ತಲೆಯಲ್ಲಿ ಕೂತಿದ್ದಾಳಂತೆ ಅಬ್ಬೆ. ನೀ ಇಲ್ದಿದ್ರೆ ನಾನೂ ಹಾಗೇ ಕೂರ್ತಿದ್ದೆ.’

ಹೊನ್ನಿ ತೈಲದ ಕುಡಿಕೆಯ ಬಾಯಿಗೆ ಬಟ್ಟೆ ಕಟ್ಟಿ ಕೈಗಿಟ್ಟಳು.

ಅರಮನೆಯ ಸಭೆಯಲ್ಲಿ ಕಿಟಕಿಗಳಿಗೆಲ್ಲ ದಪ್ಪ ಪರದೆ. ದೀಪದ ಬೆಳಕಿನಲ್ಲಿ ಅರಸನ ಪಕ್ಕ ಚಂಪಕಾದೇವಿ ಕೂತಿದ್ದಳು. ಬೊಮ್ಮುವಿಗಿಂತ ಮೊದಲೇ ಇಬ್ಬರು ಬಂದು ನಿಂತಿದ್ದರು.

ರಾಜಕುಮಾರಿ ದಾದಿಯಿಂದ ಕಲಿತಿದ್ದ ಮೊದಲ ಒಗಟು ಕೇಳಿದಳು: ‘ಮೋಡ ಕವಿದ ದಿನವೂ ಹೊಡೆಯುತ್ತಾನೆ, ತಣ್ಣನೆ ಗಾಳಿ ಬೀಸುವಾಗಲೂ ಹೊಡೆಯುತ್ತಾನೆ. ಏಟು ಬಿದ್ದಾಗ ತಿಳಿಯುವುದಿಲ್ಲ, ಸಂಜೆಗೆ ಉರಿಯುತ್ತದೆ. ಯಾರವನು?’

‘ಸೂರ್ಯನ ಶಾಖ’ ಎಂದ ತ್ರಿವಿಕ್ರಮ ಪಂಡಿತ, ಕೇಳಿ ಮುಗಿಯುವ ಮೊದಲೇ.

‘ಶಾಖವಾದರೆ ತಾಕಿದೊಡನೆ ತಿಳಿಯುತ್ತಿತ್ತು ಪಂಡಿತರೆ’ ಎಂದಳು ಅವಳು. ಭಟರು ಪಂಡಿತನನ್ನು ಸೆರೆಗೆ ಕರೆದೊಯ್ದರು. ಮುತ್ತಿನ ವ್ಯಾಪಾರಿಯ ಮಗ ಧರಣೇಂದ್ರ ಬಹಳ ಹೊತ್ತು ಯೋಚಿಸಿ ‘ವಿಷದ ಗಾಳಿ’ ಎಂದ. ಅವನನ್ನೂ ಕರೆದೊಯ್ದರು. ಬೊಮ್ಮು ಒಂದು ಹೆಜ್ಜೆ ಮುಂದೆ ಬಂದ.

‘ನೀನು?’ ಎಂದಳು ರಾಜಕುಮಾರಿ.

‘ಮೋಡದ ದಿನ ತೈಲ ಬೇಡ ಅಂತ ಒಮ್ಮೆ ಹಟ ಮಾಡಿದ್ದೆ ತಾಯಿ. ಸಂಜೆಗೆ ಕತ್ತು ಸುಲಿದುಹೋಯ್ತು’ ಎಂದ ಬೊಮ್ಮು. ‘ಬಿಸಿಲಿನಲ್ಲಿ ಬೆಳಕಿದೆ, ಅದು ಕಣ್ಣಿಗೆ ಕಾಣುತ್ತೆ. ಶಾಖವಿದೆ, ಅದು ಮೈಗೆ ತಿಳಿಯುತ್ತೆ. ಎರಡೂ ಅಲ್ಲದ ಇನ್ನೊಂದು ಕಿರಣ ಇದೆ. ಕಾಣೋದಿಲ್ಲ, ಸುಡುತ್ತೆ. ಹೊಡೆಯೋನು ಅವನೇ.’

ಚಂಪಕಾದೇವಿ ಕೂತಲ್ಲೇ ಸ್ವಲ್ಪ ಮುಂದೆ ಬಾಗಿದಳು. ‘ಬಾಗಿಲಲ್ಲಿ ಒಬ್ಬ ಕಾವಲುಗಾರ. ನಿಂತಿದ್ದರೂ ಕಾಣಿಸುವುದಿಲ್ಲ. ಕತ್ತಿಯಿಲ್ಲ, ಗುರಾಣಿಯಿಲ್ಲ. ಬಂದ ಶತ್ರುವನ್ನು ಹಿಂದಕ್ಕೆ ಅಟ್ಟದೆ ತಾನೇ ನುಂಗುತ್ತಾನೆ. ಯಾರು?’

‘ತೈಲ’ ಎಂದ ಬೊಮ್ಮು. ‘ಸುಣ್ಣ ಬಳಿದರೆ ಗೋಡೆಯ ಹಾಗೆ ಬೆಳ್ಳಗೆ ಕಾಣುತ್ತೆ, ಬಿಸಿಲನ್ನ ಆಚೆ ಎಸೆಯುತ್ತೆ. ಇದು ಹಾಗಲ್ಲ. ಹಚ್ಚಿದ್ದೇ ಕಾಣೋದಿಲ್ಲ. ಕಿರಣವನ್ನ ತಾನು ನುಂಗಿ, ಅದರ ಕೇಡನ್ನ ಒಂದಿಷ್ಟು ಬೆಚ್ಚಗೆ ಮಾಡಿ ಬಿಟ್ಟುಬಿಡುತ್ತೆ.’

ಅರಸ ಮಗಳ ಮುಖ ನೋಡಿದ. ಅವಳು ತಲೆಯಾಡಿಸಿದಳು. ಎರಡನೆಯ ಒಗಟು ದಾಟಿ ಇಲ್ಲಿಯವರೆಗೆ ಯಾರೂ ಬಂದಿರಲಿಲ್ಲ.

‘ಕೊನೆಯದು. ಆ ಕಾವಲುಗಾರ ಮಧ್ಯಾಹ್ನದ ಹೊತ್ತಿಗೆ ಸದ್ದಿಲ್ಲದೆ ಸಾಯುತ್ತಾನೆ. ಮನೆಯೊಡತಿಗೆ ತಿಳಿಯುವುದೇ ಇಲ್ಲ. ಅವನನ್ನು ಬದುಕಿಸುವುದು ಹೇಗೆ?’

ಬದುಕಿಸುವ ಮೂಲಿಕೆ ಯಾವುದೂ ಬೊಮ್ಮುವಿಗೆ ಗೊತ್ತಿರಲಿಲ್ಲ. ತಾಯಿ ಮಧ್ಯಾಹ್ನ ಏನು ಮಾಡುತ್ತಿದ್ದಳು ಎಂದು ನೆನೆದ. ಬದುವಿನ ಮೇಲೆ ಕಾದ ಮಣ್ಣಿನಲ್ಲಿ ಅವಳು ಬರಿಗಾಲಲ್ಲಿ ಬರುವುದು ಕಣ್ಣೆದುರು ಬಂತು.

‘ಬದುಕಿಸೋಕೆ ಆಗೋದಿಲ್ಲ’ ಎಂದ. ‘ನುಂಗಿ ನುಂಗಿ ಅವನು ಸೋತಿರ್ತಾನೆ, ಉಳಿದದ್ದನ್ನ ಬೆವರು ತೊಳೆದಿರುತ್ತೆ. ಇನ್ನೊಬ್ಬನನ್ನ ನಿಲ್ಲಿಸಬೇಕು. ಮತ್ತೆ ಹಚ್ಚಬೇಕು, ಅಷ್ಟೆ. ನನ್ನಬ್ಬೆ ಒಂದು ದಿನವೂ ತಪ್ಪಿಸದೆ ಅದಕ್ಕೋಸ್ಕರ ಗದ್ದೆಗೆ ನಡೆದು ಬರ್ತಿದ್ದಳು. ನನಗೆ ಅದು ದೊಡ್ಡದು ಅಂತ ಇವತ್ತಿನವರೆಗೆ ಅನಿಸಿರಲಿಲ್ಲ.’

ರಾಜಕುಮಾರಿ ಎದ್ದು ಬಂದು ತಾನೇ ಕುಡಿಕೆಯ ಬಟ್ಟೆ ಬಿಚ್ಚಿದಳು, ಮೂಸಿದಳು. ‘ದಾದಿಯ ಕೈಯ ವಾಸನೆ’ ಎಂದಳು.

ಮರುದಿನ ಬೆಳಗ್ಗೆ ತೈಲ ಹಚ್ಚಿಕೊಂಡು ಅಂಗಳಕ್ಕೆ ಇಳಿದಳು. ನಡುಹಗಲಿಗೆ ಮತ್ತೆ ಹಚ್ಚಿಕೊಂಡಳು. ಸಂಜೆಯವರೆಗೂ ಅರಸ ಊಟ ಮಾಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಗಳು ತೋಳು ಚಾಚಿ ತೋರಿಸಿದಳು. ಚರ್ಮದ ಮೇಲೆ ಒಂದು ಕೆಂಪು ಚುಕ್ಕೆಯೂ ಇರಲಿಲ್ಲ.

‘ಕೇಳು’ ಎಂದ ಅರಸ. ‘ಅರ್ಧ ರಾಜ್ಯವಾದರೂ ಸರಿ.’

‘ಸೆರೆಯಲ್ಲಿರೋರ ತಲೆ ಉಳಿಸಿ ಕೊಡಿ ಸ್ವಾಮಿ’ ಎಂದ ಬೊಮ್ಮು. ‘ಅವರಿಗೆ ನನ್ನಬ್ಬೆಯಂಥವಳು ಇರಲಿಲ್ಲ, ಅದಕ್ಕೆ ಗೊತ್ತಾಗಲಿಲ್ಲ.’

ಅರಸನಿಗೆ ಮೊದಲು ಸಿಟ್ಟು ಬಂತು. ಮಗಳು ಅವನ ಕೈ ಹಿಡಿದಳು. ಆ ರಾತ್ರಿಯೇ ಸೆರೆಯ ಬಾಗಿಲು ತೆರೆಯಿತು. ಧರಣೇಂದ್ರ ಮನೆಗೆ ಹೋಗುವ ಮುನ್ನ ಬೊಮ್ಮುವಿನ ಕೈಯನ್ನು ಕಣ್ಣಿಗೊತ್ತಿಕೊಂಡ.

ನಾಲ್ಕು ದಿನದ ಮೇಲೆ ಚಂಪಕಾದೇವಿ ಹಾಡಹಗಲಲ್ಲಿ ಪಲ್ಲಕ್ಕಿಯಿಲ್ಲದೆ ಉಪ್ಪಿನ ಗದ್ದೆಗೆ ಬಂದಳು. ಗುಡಿಸಲಿನ ಮುಂದೆ ಮೀನು ಒಣಹಾಕುತ್ತಿದ್ದ ಹೊನ್ನಿಯ ಕಾಲು ಮುಟ್ಟಿದಳು.

‘ಮೀನಿನ ಕೈ ನಂದು’ ಎಂದು ಹೊನ್ನಿ ಹಿಂದೆ ಸರಿದಳು. ಹುಡುಗಿ ಬಿಡಲಿಲ್ಲ. ಆ ಕೈಗಳನ್ನೇ ಹಿಡಿದು ಮುಖಕ್ಕೆ ಒತ್ತಿಕೊಂಡು ಅತ್ತಳು. ಅವಳನ್ನು ಸಮಾಧಾನ ಮಾಡಲು ಹೊನ್ನಿಗೆ ಬೇರೇನೂ ತೋಚಲಿಲ್ಲ. ಒಳಗಿಂದ ಗಂಜಿ ತಂದಳು. ಗದ್ದೆಯಿಂದ ಬಂದ ಬೊಮ್ಮುವೂ ಸೇರಿ ಮೂವರೂ ಬಯಲಲ್ಲೇ ಕೂತು ಉಂಡರು. ಮದುವೆಯ ಮಾತು ತೆಗೆದವಳು ರಾಜಕುಮಾರಿಯೇ, ಎರಡನೆಯ ಸಲ ಗಂಜಿ ಬಡಿಸಿಕೊಳ್ಳುವಾಗ.