ಚಾಕಲೇಟು ಯಾರಿಗೆ?

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆಯಲ್ಲಿದ್ದ ನಿವೃತ್ತ ತಹಶೀಲ್ದಾರ್ ಪರಮಶಿವಯ್ಯನವರು ಅಡುಗೆಯ ಚೆನ್ನಾಜಮ್ಮನನ್ನು ಕರೆದು ಪೇಪರ್ ಓದಿದರು. "ಕೇಳಿಸ್ಕೋ. ಚಾಕಲೇಟು ತಿನ್ನುವವರಿಗೆ ಹೃದಯರೋಗ, ಪಾರ್ಶ್ವವಾಯು ಬರುವ ಸಂಭವ ಕಡಿಮೆಯಂತೆ. ಸಂಜೆಯೊಳಗೆ ಒಂದು ದೊಡ್ಡ ಚಾಕಲೇಟು ತಾ. ಇಲ್ಲದಿದ್ದರೆ ನಾಳೆಯಿಂದ ಬರಬೇಡ."

"ಇವರ ಬಾಯಿಗೆ ಸಿಹಿ ಸೋಕಿದರೆ ನಿನ್ನ ಕೆಲಸ ಹೋಯಿತು" ಅಂತ ಅಮ್ಮಾವ್ರು ಮಗಳ ಬಾಣಂತನಕ್ಕೆ ಹೊರಡುವಾಗಲೇ ಹೇಳಿದ್ದರು. ಚೆನ್ನಾಜಮ್ಮ ಹೋಗಿ ಚಾಕಲೇಟು ತಂದಳು. ಯಜಮಾನರು ಕೈ ಚಾಚಿದರು. ಅವಳು ಒಂದು ತುಂಡು ಮುರಿದು ತನ್ನ ಬಾಯಿಗೇ ಹಾಕಿಕೊಂಡಳು. ಉಳಿದದ್ದನ್ನು ಸೆರಗಿಗೆ ಕಟ್ಟಿಕೊಂಡಳು.

"ಇದೇನಿದು?"

"ನೀವೇ ಓದಿದ್ರಲ್ಲ ಯಜಮಾನ್ರೆ, 'ಬರುವ' ಅಂತ. ನನಗಿನ್ನೂ ಬಂದಿಲ್ಲ, ಅದಕ್ಕೇ ತಿಂದೆ. ನಿಮಗೆ ಆಗಲೇ ಬಂದುಬಿಟ್ಟಿದೆಯಲ್ಲ."

ಪರಮಶಿವಯ್ಯನವರು ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. 'ಬರುವ' ಅಂತಲೇ ಇತ್ತು. ಎಲ್ಲೋ ಎಡವಟ್ಟಾಗಿದೆ ಅನ್ನಿಸಿತು. ಎಲ್ಲಿ ಅನ್ನುವುದು ಮಾತ್ರ ಹೊಳೆಯಲಿಲ್ಲ.

"ಹಾಗಾದರೆ ಬಂದವರು ಏನು ತಿನ್ನಬೇಕಂತೆ?"

"ನಾಳೆ ಪೇಪರಲ್ಲಿ ಹಾಕಿದ್ರೂ ಹಾಕಬಹುದು," ಅನ್ನುತ್ತಾ ಚೆನ್ನಾಜಮ್ಮ ತಟ್ಟೆಗೆ ಹಾಗಲಕಾಯಿ ಪಲ್ಯ ಬಡಿಸಿದಳು. "ಅಲ್ಲಿವರೆಗೆ ಇದು."